ಕೋಳಿಗೂಡಿಗೆ ರಾತ್ರಿ ಬಂದವರು ಯಾರು?

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ನಾಲ್ಕೈದು ಕೋಳಿ ಕತ್ತು ಕಚ್ಚಿಸಿಕೊಂಡು ಸತ್ತು ಬಿದ್ದಿದ್ದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಕೇಳಿಬರುವುದು ಮುಂಗುಸಿಯ ಹೆಸರು. ಪಕ್ಕದ ಮನೆಯವರು ಬಂದು ನೋಡಿ ಹೌದು ಎನ್ನುತ್ತಾರೆ. ಮೊನ್ನೆ ಬೇಲಿಸಾಲಿನಲ್ಲಿ ಅದು ಓಡಿದ್ದನ್ನು ಕಂಡವರು ಸಾಕ್ಷಿ ಹೇಳುತ್ತಾರೆ. ಸಂಜೆಯೊಳಗೆ ಉರುಳೋ ವಿಷವೋ ಸಿದ್ಧವಾಗಿರುತ್ತದೆ. ಆದರೆ ಮುಂಗುಸಿ ಹಗಲಿನ ಪ್ರಾಣಿ. ಹೊತ್ತು ಮುಳುಗುವ ವೇಳೆಗೆ ಅದು ಬಿಲ ಸೇರಿಕೊಂಡಿರುತ್ತದೆ. ನಡುರಾತ್ರಿ ಗೂಡಿಗೆ ನುಗ್ಗಿದ್ದು ಬಹುಮಟ್ಟಿಗೆ ಬೇರೆ ಯಾರೋ.

ಹಿತ್ತಲ ಕೋಳಿಯನ್ನು ಕಾಯುವ ಕೆಲಸದಲ್ಲಿ ನಾವು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬಂದದ್ದು ಯಾರು ಎಂದು ತಿಳಿಯದೆ ಪರಿಹಾರ ಹುಡುಕುತ್ತೇವೆ. ಗಿಡುಗನಿಗೆ ಹಾಕಬೇಕಾದ ಬಲೆಯನ್ನು ಹಾವಿಗೆ ಹಾಕುತ್ತೇವೆ, ಹೆಗ್ಗಣ ತೋಡಿದ ನೆಲವನ್ನು ಹಾಗೇ ಬಿಟ್ಟು ಮಾಡು ಭದ್ರ ಮಾಡುತ್ತೇವೆ. ಕೊನೆಗೆ ಸಿಟ್ಟು ಬಂದು ವಿಷಕ್ಕೆ ಕೈ ಹಾಕುತ್ತೇವೆ. ಗೂಡು ಸರಿಯಾಗಿದ್ದು ಅದರ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚಿದರೆ ಈ ಹಗೆತನದ ಅಗತ್ಯವೇ ಬೀಳುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಇದು ಸಣ್ಣ ವಿಷಯವಲ್ಲ. 2019ರ ಇಪ್ಪತ್ತನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 85 ಕೋಟಿ ಸಾಕುಹಕ್ಕಿಗಳಲ್ಲಿ 31.7 ಕೋಟಿ ಹಿತ್ತಲಿನವು. 2012ರ ಗಣತಿಗೆ ಹೋಲಿಸಿದರೆ ಹಿತ್ತಲ ಕೋಳಿಗಳ ಸಂಖ್ಯೆ ಶೇಕಡ 45ಕ್ಕೂ ಹೆಚ್ಚು ಏರಿತ್ತು. ಇವುಗಳಲ್ಲಿ ಬಹುಪಾಲು ಹೆಂಗಸರ ಆರೈಕೆಯಲ್ಲಿ ಬೆಳೆದವು. ಮೊಟ್ಟೆ ಮಾರಿದ ದುಡ್ಡು ಮಗುವಿನ ನೋಟ್‌ಬುಕ್ಕಿಗೆ, ಸಂಘದ ಕಂತಿಗೆ, ಊರಿಂದ ಬಂದ ತಮ್ಮನಿಗೆ ಬಸ್ ಚಾರ್ಜಿಗೆ ಹೋಗುತ್ತದೆ. ಒಂದು ರಾತ್ರಿಯಲ್ಲಿ ಆರು ಹೇಟೆ ಹೋದರೆ ಅದು ಯಾವ ಲೆಕ್ಕಪುಸ್ತಕದಲ್ಲೂ ನಷ್ಟವೆಂದು ಬರೆಯಲ್ಪಡುವುದಿಲ್ಲ. ಆದರೆ ಆ ಮನೆಯಲ್ಲಿ ಮುಂದಿನ ಆರು ತಿಂಗಳ ಕೈಗಾಸು ಹೋಗಿರುತ್ತದೆ.

ಗರಿ, ಚಿಪ್ಪು, ಹೊಸ ಮಣ್ಣು

ಸತ್ತ ಕೋಳಿಗಳನ್ನು ಎತ್ತಿ ಬಿಸಾಡಿ ಗೂಡು ಗುಡಿಸುವ ಮೊದಲು ಅಲ್ಲೇ ಐದು ನಿಮಿಷ ಕೂತು ನೋಡಬೇಕು. ಬಂದವರು ಗುರುತು ಬಿಟ್ಟೇ ಹೋಗಿರುತ್ತಾರೆ.

ಕೋಳಿ ಪೂರ್ತಿ ಮಾಯವಾಗಿದ್ದು ಬೇಲಿಯವರೆಗೆ ಅಲ್ಲೊಂದು ಇಲ್ಲೊಂದು ಗರಿ ಉದುರಿದ್ದರೆ ಎತ್ತಿಕೊಂಡು ಹೋದದ್ದು ಕಾಡುಬೆಕ್ಕು ಅಥವಾ ನರಿ. ಅವಕ್ಕೆ ನಿಂತು ತಿನ್ನುವ ವ್ಯವಧಾನವಿಲ್ಲ, ಬಾಯಿಗೆ ಕಚ್ಚಿಕೊಂಡು ಪೊದೆ ಸೇರುತ್ತವೆ. ಹಲವು ಕೋಳಿ ಸತ್ತಿದ್ದು, ತಲೆ ಅಥವಾ ಕತ್ತಿನಲ್ಲಿ ಹಲ್ಲಿನ ಗುರುತಿದ್ದು, ಒಂದೋ ಎರಡೋ ಮಾತ್ರ ಕತ್ತಿನಿಂದ ಎದೆಯವರೆಗೆ ತಿಂದಿದ್ದರೆ ಪುನುಗು ಬೆಕ್ಕಿನ ಮೇಲೆ ಅನುಮಾನ ಪಡಬೇಕು. ಕಾಫಿ ಸೀಮೆಯಲ್ಲಿ ಹಣ್ಣು ತಿಂದುಕೊಂಡು ಮನೆಯ ಅಟ್ಟದಲ್ಲೇ ಸಂಸಾರ ಹೂಡುವ ಮರಬೆಕ್ಕೂ ಈ ಕೆಲಸ ಮಾಡುತ್ತದೆ. ನಾಯಿಯ ಗುರುತು ಬೇರೆ. ಬೆನ್ನು, ತೊಡೆ ಹರಿದುಹೋಗಿರುತ್ತವೆ, ಗರಿ ಅಂಗಳದ ತುಂಬ ಹರಡಿರುತ್ತದೆ, ಬಾಗಿಲ ಹಲಗೆ ಮುರಿದಿರುತ್ತದೆ, ತಿಂದದ್ದು ಮಾತ್ರ ಏನೂ ಇರುವುದಿಲ್ಲ.

ಮೊಟ್ಟೆಗಳು ಚಿಪ್ಪು ಸಹಿತ ಇಲ್ಲವಾಗಿದ್ದರೆ ಹಾವು, ಇಲ್ಲವೇ ಉಡ. ಚಿಪ್ಪು ಒಡೆದು ಲೋಳೆ ಚೆಲ್ಲಿದ್ದರೆ ಹೆಗ್ಗಣ, ಮುಂಗುಸಿ, ಕಾಗೆ, ಕೆಂಬೂತ ಇವರಲ್ಲೊಬ್ಬರು. ಪಿಳ್ಳೆಗಳು ಒಂದೊಂದಾಗಿ ಕಡಿಮೆಯಾಗುತ್ತಿದ್ದು, ಗೂಡಿನ ಮೂಲೆಯಲ್ಲಿ ಹೊಸ ಮಣ್ಣಿನ ಗುಪ್ಪೆ ಕಂಡರೆ ಅದು ಹೆಗ್ಗಣವೇ. ಬಿಲದ ಬಾಯಿ ಅಗೆದರೆ ಕಾಲೋ ರೆಕ್ಕೆಯೋ ಸಿಗುತ್ತದೆ. ಕಾವಿಗೆ ಕೂತ ಕೋಳಿ ಮೈಮೇಲೆ ಗಾಯವೇ ಇಲ್ಲದೆ ಸತ್ತಿದ್ದು ಕೆಳಗೆ ಮೊಟ್ಟೆ ಕಡಿಮೆಯಾಗಿದ್ದರೆ ನಾಗರ ಬಂದು ಹೋಗಿರಬಹುದು. ಅಂಥ ಗೂಡಿಗೆ ಬರಿಗೈ ಹಾಕಬಾರದು. ಸತ್ತ ಕೋಳಿಯ ತಲೆ, ಕತ್ತಿನ ಗರಿ ಒದ್ದೆಯಾಗಿ ಅಂಟಿಕೊಂಡಿದ್ದರೆ ಹಾವು ನುಂಗಲು ನೋಡಿ ಆಗದೆ ಬಿಟ್ಟಿದೆ ಎಂದರ್ಥ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಹೆಬ್ಬಾವು ತಾನೇ ಒಳಗೆ ಸಿಕ್ಕಿಬೀಳುವುದೂ ಉಂಟು. ಬರುವಾಗ ನುಸುಳಿದ ಕಿಂಡಿಯಲ್ಲಿ ಕೋಳಿ ನುಂಗಿದ ಹೊಟ್ಟೆ ಹಿಡಿಸುವುದಿಲ್ಲ. ಬೆಳಿಗ್ಗೆ ಸುರುಳಿ ಸುತ್ತಿಕೊಂಡು ಅಲ್ಲೇ ಮಲಗಿರುತ್ತದೆ. ಅದನ್ನು ಹೊಡೆಯದೆ ಅರಣ್ಯ ಇಲಾಖೆಗೆ ಹೇಳಿ ಕಳಿಸಬೇಕು.

ಇನ್ನೊಂದು ಸಾವನ್ನು ಜನ ಗಮನಿಸುವುದಿಲ್ಲ. ಯಾರೂ ಕಚ್ಚಿಲ್ಲ, ಯಾರೂ ಒಳಗೆ ಬಂದೂ ಇಲ್ಲ. ಆದರೂ ಒಂದು ಮೂಲೆಯಲ್ಲಿ ಹತ್ತಾರು ಮರಿಗಳು ಒಂದರ ಮೇಲೊಂದು ಸತ್ತು ಬಿದ್ದಿರುತ್ತವೆ. ಹೊರಗೆ ನಾಯಿಯೋ ಬೆಕ್ಕೋ ಗೂಡು ಕೆರೆದ ಸದ್ದಿಗೆ ಹೆದರಿ ಎಲ್ಲವೂ ಒಂದೇ ಕಡೆ ನುಗ್ಗಿ, ಅಡಿಯಲ್ಲಿದ್ದವು ಉಸಿರು ಕಟ್ಟಿ ಸತ್ತಿರುತ್ತವೆ. ಮೂಲೆಗಳಿಗೆ ಹಲಗೆಯನ್ನೋ ರಟ್ಟನ್ನೋ ಅಡ್ಡ ಕೊಟ್ಟು ದುಂಡಗೆ ಮಾಡಿದರೆ ಈ ಸಾವು ಬಹಳಷ್ಟು ತಪ್ಪುತ್ತದೆ.

ತಿನ್ನುವುದು ಒಂದು, ಕೊಲ್ಲುವುದು ಹತ್ತು

ಕೋಳಿ ಸಾಕಿದವರಿಗೆ ಅತಿ ಹೆಚ್ಚು ಸಿಟ್ಟು ತರಿಸುವ ಪ್ರಶ್ನೆ ಇದು. ಹಸಿವಾಗಿತ್ತು, ಒಂದನ್ನು ತಿಂದುಕೊಂಡು ಹೋಗಲಿ. ಉಳಿದ ಒಂಬತ್ತನ್ನು ಯಾಕೆ ಕೊಲ್ಲಬೇಕಿತ್ತು? ಪ್ರಾಣಿಗೆ ರಕ್ತದ ಚಟ, ಹಟ, ಸೇಡು ಎಂದೆಲ್ಲ ಹೇಳುವವರಿದ್ದಾರೆ.

ನೆದರ್ಲೆಂಡ್ಸ್ ಮೂಲದ ಪ್ರಾಣಿವಿಜ್ಞಾನಿ ಹಾನ್ಸ್ ಕ್ರೂಕ್ 1972ರಲ್ಲಿ ಇದೇ ಪ್ರಶ್ನೆಯ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಇಂಗ್ಲೆಂಡಿನ ಕಡಲತೀರದಲ್ಲಿ ನೆಲದ ಮೇಲೆ ಗೂಡು ಮಾಡುವ ಕಡಲಹಕ್ಕಿಗಳನ್ನು ನರಿಗಳು ಕೆಲವು ರಾತ್ರಿ ತಾವು ತಿನ್ನಲಾರದಷ್ಟು ಸಂಖ್ಯೆಯಲ್ಲಿ ಕೊಂದು ಬಿಟ್ಟುಹೋಗುತ್ತಿದ್ದುದನ್ನು ಅವರು ಕಂಡಿದ್ದರು. ಅಂಥವು ದಟ್ಟ ಕತ್ತಲೆಯ, ಗಾಳಿ ಬೀಸುವ ರಾತ್ರಿಗಳು. ಹಕ್ಕಿಗಳು ಕೂತಲ್ಲಿಂದ ಏಳುತ್ತಿರಲಿಲ್ಲ. ಬೇಟೆಯೆಂದರೆ ಒಂದೇ ಕ್ರಿಯೆಯಲ್ಲ, ಹುಡುಕುವುದು, ಅಟ್ಟಿಸಿಕೊಂಡು ಹೋಗುವುದು, ಹಿಡಿದು ಕೊಲ್ಲುವುದು, ತಿನ್ನುವುದು ಎಂಬ ಬೇರೆ ಬೇರೆ ಹಂತಗಳು ಎಂಬುದು ಅವರ ವಿವರಣೆ. ಹೊಟ್ಟೆ ತುಂಬಿದ ಪ್ರಾಣಿ ಹುಡುಕುವುದನ್ನು, ಓಡುವುದನ್ನು ನಿಲ್ಲಿಸುತ್ತದೆ. ಆದರೆ ಕಣ್ಣೆದುರೇ ಬೇಟೆ ಓಡದೆ ಕೂತಿದ್ದರೆ ಹಿಡಿದು ಕೊಲ್ಲುವ ಹಂತಕ್ಕೆ ಆ ತಡೆ ಇರುವುದಿಲ್ಲ. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗುತ್ತವೆ, ಆದ್ದರಿಂದ ಅಂಥ ಸಂದರ್ಭ ಬರುವುದೇ ಅಪರೂಪ.

ನಮ್ಮ ಕೋಳಿಗೂಡಿಗೆ ಇದನ್ನು ಹೊಂದಿಸಿ ನೋಡಿ. ಕಿಂಡಿಯಿಂದ ಪುನುಗು ಒಳಗೆ ಬರಬಹುದು, ಆದರೆ ಕೋಳಿ ಹೊರಗೆ ಹೋಗಲಾರದು. ಕತ್ತಲಲ್ಲಿ ಅವು ಕೂತಲ್ಲೇ ರೆಕ್ಕೆ ಬಡಿಯುತ್ತವೆ. ಪ್ರತಿ ಬಡಿತವೂ ಒಳಬಂದವನನ್ನು ಮತ್ತೆ ಕೆರಳಿಸುತ್ತದೆ. ಅಂದರೆ ಅರೆಬರೆ ಭದ್ರವಾದ ಗೂಡು ಗೂಡೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಹಲಸಿನ ಕೊಂಬೆಯಲ್ಲಿ ಮಲಗಿದ ಕೋಳಿಗಳಲ್ಲಿ ಒಂದು ಹೋಗಬಹುದು, ಮಿಕ್ಕವು ಧೊಪ್ಪನೆ ಕೆಳಗೆ ಬಿದ್ದಾದರೂ ಉಳಿಯುತ್ತವೆ. ಕಿಂಡಿ ಇರುವ ಗೂಡಿನಲ್ಲಿ ಒಂದೂ ಉಳಿಯುವುದಿಲ್ಲ. ತಪ್ಪು ಪ್ರಾಣಿಯ ಗುಣದಲ್ಲಿಲ್ಲ, ನಾವು ಕಟ್ಟಿದ ಪೆಟ್ಟಿಗೆಯಲ್ಲಿದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕೋಳಿಯ ಕಣ್ಣನ್ನೂ ಇಲ್ಲಿ ನೆನೆಯಬೇಕು. ಹಗಲಿನಲ್ಲಿ ಅದು ನಮಗಿಂತ ಹೆಚ್ಚು ಬಣ್ಣ ಕಾಣುತ್ತದೆ, ನಮಗೆ ಕಾಣದ ನೇರಳಾತೀತ ಬೆಳಕೂ ಅದರ ಕಣ್ಣಿಗೆ ಸ್ವಲ್ಪಮಟ್ಟಿಗೆ ಕಾಣುತ್ತದೆ. ಆದರೆ ಮಂದ ಬೆಳಕಿನಲ್ಲಿ ಆ ಕಣ್ಣು ಕೈಕೊಡುತ್ತದೆ. ಮುಸ್ಸಂಜೆ ಕಳೆದರೆ ಕೋಳಿ ಕೂತ ಜಾಗದಿಂದ ಕದಲುವುದಿಲ್ಲ. ಸಂತೆಗೆ ಒಯ್ಯುವ ಕೋಳಿಯನ್ನು ಹಿಂದಿನ ರಾತ್ರಿಯೇ ಹಿಡಿದಿಡುವುದು ಈ ಗುಣ ಗೊತ್ತಿರುವುದರಿಂದಲೇ. ಹಗಲೆಲ್ಲ ಅಟ್ಟಿಸಿದರೂ ಸಿಗದ ಹುಂಜ ರಾತ್ರಿ ಕೈಚಾಚಿದರೆ ಸಿಗುತ್ತದೆ. ನಮಗೆ ಸಿಕ್ಕಷ್ಟೇ ಸುಲಭವಾಗಿ ಪುನುಗಿಗೂ ಸಿಗುತ್ತದೆ.

ಬಾಗಿಲು ಮತ್ತು ಹೊತ್ತು

ಹಾಗಾಗಿ ಇಡೀ ಕಾವಲಿನಲ್ಲಿ ಮುಖ್ಯವಾದ ಕೆಲಸ ಸಂಜೆ ಬಾಗಿಲು ಹಾಕುವುದು. ಇದನ್ನು ಗಡಿಯಾರ ನೋಡಿ ಮಾಡುವವರು ಒಂದು ಸಂಗತಿ ಮರೆಯುತ್ತಾರೆ. ಬೆಂಗಳೂರಿನಲ್ಲಿ ನವೆಂಬರ್ ನಡುವಿನಲ್ಲಿ ಸೂರ್ಯ ಸುಮಾರು 5.50ಕ್ಕೇ ಮುಳುಗುತ್ತಾನೆ, ಜುಲೈ ಮೊದಲ ವಾರದಲ್ಲಿ 6.50ರ ಹತ್ತಿರ. ಒಂದು ಗಂಟೆಯ ವ್ಯತ್ಯಾಸ. ಬೇಸಿಗೆಯಲ್ಲಿ ಏಳು ಗಂಟೆಗೆ ಬಾಗಿಲು ಹಾಕುವ ರೂಢಿ ಮಾಡಿಕೊಂಡವರು ದೀಪಾವಳಿ ಕಳೆದ ಮೇಲೂ ಏಳಕ್ಕೇ ಹಾಕಿದರೆ ಕಾಡುಬೆಕ್ಕಿಗೆ ಒಂದು ಗಂಟೆ ಕತ್ತಲನ್ನು ಬಿಟ್ಟುಕೊಟ್ಟಂತೆ. ಕೊನೆಯ ಕೋಳಿ ಒಳಹೊಕ್ಕು ಅಟ್ಟಣೆ ಹತ್ತಿದ ಕೂಡಲೇ ಬಾಗಿಲು ಹಾಕುವುದು ಸರಿಯಾದ ಲೆಕ್ಕ. ಮೋಡ ಕವಿದ ದಿನ ಅವು ಇನ್ನೂ ಬೇಗ ಬರುತ್ತವೆ. ಬೆಳಿಗ್ಗೆಯೂ ಅಷ್ಟೆ. ಕೋಳಿ ಕೂಗಿತು ಎಂದು ನಸುಕಿನಲ್ಲೇ ಬಾಗಿಲು ತೆಗೆಯಬಾರದು. ನರಿ, ಕಾಡುಬೆಕ್ಕು ಮನೆಗೆ ಮರಳುವ ಹೊತ್ತದು. ಬಿಸಿಲು ಅಂಗಳಕ್ಕೆ ಬೀಳಲಿ, ಆಮೇಲೆ ಬಿಡೋಣ.

ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕೋಳಿ ಮುಚ್ಚುವುದನ್ನು ನೋಡಿದ್ದೇನೆ. ಟಾರ್ಚ್ ಕಂಕುಳಲ್ಲಿತ್ತು, ಆದರೆ ಹಚ್ಚಲಿಲ್ಲ. ಬಗ್ಗಿ ಕೈಯನ್ನು ಒಳಗೆ ಹಾಕಿ ಒಂದೊಂದೇ ಬೆನ್ನನ್ನು ಮುಟ್ಟುತ್ತ ಎಣಿಸಿದರು. ಕೈ ತಾಗಿದ ಕೋಳಿ ಕೊರ್ ಎಂದು ಸಣ್ಣಗೆ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ದೀಪ ಯಾಕೆ ಹಾಕಲಿಲ್ಲ ಎಂದು ಕೇಳಿದೆ. "ಬೆಳಕು ಬಿಟ್ರೆ ಎದ್ದು ಜಾಗ ಬದ್ಲಾಯಿಸ್ತಾವೆ ಮಾರಾಯಾ, ಎಣ್ಸಿದ್ದನ್ನೇ ಎಣ್ಸ್ತೀಯ" ಎಂದರು. ಆ ದಿನ ಒಂದು ಕಡಿಮೆ ಬಂತು. ಅವರು ನೇರವಾಗಿ ಕೊಟ್ಟಿಗೆಯ ಹಿಂದಿನ ಹುಲ್ಲುಗೊಣಬೆಗೆ ಹೋಗಿ ಕಾವಿಗೆ ಕೂರಲು ಜಾಗ ಹುಡುಕಿಕೊಂಡಿದ್ದ ಹೇಟೆಯನ್ನು ಮೊಟ್ಟೆಗಳ ಸಮೇತ ಸೆರಗಿನಲ್ಲಿ ತಂದರು. ಕದ್ದು ಮೊಟ್ಟೆಯಿಡುವ ಕೋಳಿಯೇ ಎಲ್ಲರಿಗಿಂತ ಮೊದಲು ಹೋಗುವುದು. ಇಪ್ಪತ್ತೊಂದು ದಿನ ಅದು ಒಂದೇ ಜಾಗದಲ್ಲಿ ಕೂರುತ್ತದೆ, ವಾಸನೆ ಪ್ರತಿದಿನ ಗಟ್ಟಿಯಾಗುತ್ತದೆ. ಎಣಿಸುವ ಅಭ್ಯಾಸ ಇಲ್ಲದ ಮನೆಯಲ್ಲಿ ಅದು ಕಾಣೆಯಾದದ್ದು ಗೊತ್ತಾಗುವುದೂ ನಾಲ್ಕು ದಿನ ಕಳೆದ ಮೇಲೆ.

ಹೊಸ ಗೂಡು ಕಟ್ಟಿದ ಮೇಲೆ ಕೋಳಿಗಳು ಅದರೊಳಗೆ ಬರುವುದಿಲ್ಲ, ಹಳೆಯ ಮರಕ್ಕೇ ಹೋಗುತ್ತವೆ ಎಂಬ ದೂರು ಸಾಮಾನ್ಯ. ನಿನ್ನೆ ಮಲಗಿದ ಕಡೆಯೇ ಇವತ್ತೂ ಮಲಗುವುದು ಅವುಗಳ ಸ್ವಭಾವ. ಒಂದು ವಾರ ಹೊರಗೆ ಬಿಡದೆ ಅಲ್ಲೇ ಮೇವು ನೀರು ಕೊಟ್ಟರೆ ಮನೆ ಯಾವುದೆಂದು ತಿಳಿದುಕೊಳ್ಳುತ್ತವೆ. ಆಮೇಲೆ ಸಂಜೆ ಕರೆಯುವ ಕೆಲಸವೂ ಇಲ್ಲ. ಗೂಡಿನೊಳಗೆ ಎತ್ತರದಲ್ಲಿ ಅಡ್ಡಗಳ ಇರಬೇಕು. ಕಾಡುಕೋಳಿಯ ಸಂತತಿ ಇವು, ನೆಲದ ಮೇಲೆ ಮಲಗಿಸಿದರೆ ನೆಮ್ಮದಿ ಇರುವುದಿಲ್ಲ.

ಗೂಡಿನ ವಿಚಾರಕ್ಕೆ ಬಂದರೆ, ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಮಾರುವ ತೆಳು ತಂತಿಯ ಆರು ಮೂಲೆಯ ಕಣ್ಣಿನ ಬಲೆ ಕೋಳಿಯನ್ನು ಒಳಗಿಡಲು ಮಾಡಿದ್ದೇ ಹೊರತು ಪ್ರಾಣಿಯನ್ನು ಹೊರಗಿಡಲು ಮಾಡಿದ್ದಲ್ಲ. ನಾಯಿ ಅದನ್ನು ಹಲ್ಲಲ್ಲಿ ಹರಿಯುತ್ತದೆ. ಹಾವಿಗೆ ಅದು ತೆರೆದ ಬಾಗಿಲು. ಬೆಸುಗೆ ಹಾಕಿದ ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ದುಬಾರಿ ನಿಜ, ಆದರೆ ಇಡೀ ಗೂಡಿಗೆ ಬೇಕಿಲ್ಲ. ನೆಲದಿಂದ ಎರಡು ಅಡಿ ಎತ್ತರದವರೆಗೆ ಮತ್ತು ಗಾಳಿಕಿಂಡಿಗಳಿಗೆ ಇದನ್ನು ಹಾಕಿ ಉಳಿದ ಭಾಗಕ್ಕೆ ಹಲಗೆಯನ್ನೋ ತಗಡನ್ನೋ ಸಂದಿಲ್ಲದಂತೆ ಹೊಡೆಯಬಹುದು. ಮಲೆನಾಡಿನಲ್ಲಿ ಅಡಿಕೆ ದಬ್ಬೆಯ ಗೂಡು ಸಾಮಾನ್ಯ. ಹೊಸದರಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ಎರಡು ಮಳೆಗಾಲ ಕಳೆದ ದಬ್ಬೆಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಒಳಗೆ ಹೋದರೆ ಹೆಗ್ಗಣಕ್ಕೂ ಅದು ಅಷ್ಟೇ ಸುಲಭ.

ನೆಲ ಕೆರೆದು ಬರುವವರನ್ನು ತಡೆಯಲು ಒಂದು ಸುಲಭ ಉಪಾಯವಿದೆ. ಗೋಡೆಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಅಗಲಕ್ಕೆ ಜಾಲರಿಯನ್ನು ಚಾಪೆಯಂತೆ ಹಾಸಿ ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಬೇಕು. ಪ್ರಾಣಿ ಕೆರೆಯುವುದು ಗೋಡೆಗೆ ಮೂತಿ ತಾಗಿದ ಜಾಗದಲ್ಲಿಯೇ. ಅಲ್ಲಿ ಉಗುರಿಗೆ ತಂತಿ ಸಿಗುತ್ತದೆ. ಒಂದೂವರೆ ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡುವುದು ಅದಕ್ಕೆ ತೋಚುವುದಿಲ್ಲ. ಬಯಲುಸೀಮೆಯ ಹಳೆಯ ಮನೆಗಳಲ್ಲಿ ಜಗಲಿಯ ಅಡಿಯಲ್ಲೇ ಕಲ್ಲಿನ ಗೂಡು ಬಿಟ್ಟು ಬಾಯಿಗೆ ಚಪ್ಪಡಿ ಇಡುತ್ತಿದ್ದರು. ಕೆರೆಯಲು ಮಣ್ಣಿಲ್ಲ, ಕಚ್ಚಲು ಮರವಿಲ್ಲ, ಮೇಲೆ ಮನುಷ್ಯರು ಮಲಗಿರುತ್ತಿದ್ದರು. ಗಾಳಿ ಸಾಲದು, ಗುಡಿಸಲು ಕಷ್ಟ ಎಂಬ ದೋಷ ಬಿಟ್ಟರೆ ಕಾವಲಿನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಗೂಡನ್ನು ನಾನು ಕಂಡಿಲ್ಲ.

ಬಾಗಿಲಿಗೆ ಕಲ್ಲು ಒರಗಿಸುವುದನ್ನು, ಹಗ್ಗ ಸುತ್ತುವುದನ್ನು ಬಿಟ್ಟು ಕಬ್ಬಿಣದ ಚಿಲಕ ಹಾಕಿಸಬೇಕು. ಮೇಲೆ ಹಂಚು ಮತ್ತು ಗೋಡೆಯ ನಡುವಿನ ಸಂದು ಯಾರ ಕಣ್ಣಿಗೂ ಬೀಳುವುದಿಲ್ಲ, ಮರಬೆಕ್ಕು ಬರುವುದು ಅಲ್ಲಿಂದ. ಅಡ್ಡಗಳ ಜಾಲರಿಗೆ ತಾಗುವಷ್ಟು ಹತ್ತಿರ ಇರಬಾರದು, ಹೊರಗಿನಿಂದ ಪಂಜ ತೂರಿಸಿ ಕಾಲೋ ಕತ್ತೋ ಹಿಡಿದೆಳೆಯುವುದಕ್ಕೆ ಅವಕಾಶವಾಗುತ್ತದೆ.

ಹಗಲಿನ ಕಾವಲು ಹುಂಜನದು

ಹಗಲಿನಲ್ಲಿ ಪಿಳ್ಳೆಗಳಿಗೆ ಆಕಾಶದ ಭಯ. ಹದ್ದು, ಗರುಡ, ಶಿಕ್ರ, ಮಲೆನಾಡಿನ ಅಂಚಿನಲ್ಲಿ ಜುಟ್ಟಿನ ದೊಡ್ಡ ಗಿಡುಗ, ಎಲ್ಲೆಡೆ ಕಾಗೆ. ಮೊದಲ ಆರೇಳು ವಾರ ದಾಟಿದರೆ ಅರ್ಧ ಗೆದ್ದಂತೆ.

ಈ ಕೆಲಸಕ್ಕೆ ಪ್ರಕೃತಿಯೇ ಒಬ್ಬ ಕಾವಲುಗಾರನನ್ನು ಕೊಟ್ಟಿದೆ. ಮೇಯುತ್ತಿರುವ ಹುಂಜ ತಲೆ ಓರೆ ಮಾಡಿ ಒಂದು ಕಣ್ಣನ್ನು ಆಕಾಶಕ್ಕೆ ಹಿಡಿಯುವುದನ್ನು ನೋಡಿರುತ್ತೀರಿ. ಗಿಡುಗ ಕಂಡರೆ ಅದು ಕೂಗುವ ರೀತಿ ಒಂದು, ನಾಯಿ ಕಂಡರೆ ಕೂಗುವ ರೀತಿ ಬೇರೆಯೇ. ಪೀಟರ್ ಮಾರ್ಲರ್, ಕ್ರಿಸ್ ಇವಾನ್ಸ್ ಮತ್ತು ಅವರ ಜೊತೆಗಾರರು ಇದನ್ನು ಪ್ರಯೋಗ ಮಾಡಿ ತೋರಿಸಿದರು. 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಎದುರಿಗೆ ಯಾವ ಪ್ರಾಣಿಯೂ ಇಲ್ಲದಾಗ ಬರೀ ಧ್ವನಿಮುದ್ರಿಸಿದ ಕೂಗನ್ನು ಹೇಟೆಗಳಿಗೆ ಕೇಳಿಸಿದ್ದರು. ಆಕಾಶದ ಕೂಗು ಕೇಳಿದ ಹೇಟೆಗಳು ಮರೆಗೆ ಓಡಿ ತಗ್ಗಿ ಕೂತು ಮೇಲೆ ನೋಡಿದವು. ನೆಲದ ಕೂಗು ಕೇಳಿದವು ಕತ್ತು ನೆಟ್ಟಗೆ ಮಾಡಿ ಸುತ್ತ ನೋಡಿದವು. ಬರೀ ಹೆದರಿಕೆಯ ಚೀರಾಟವಾಗಿದ್ದರೆ ಈ ವ್ಯತ್ಯಾಸ ಇರುತ್ತಿರಲಿಲ್ಲ. ಇದೇ ತಂಡದ ಇನ್ನೊಂದು ಕಾಣ್ಕೆ ನನಗೆ ಇನ್ನೂ ಇಷ್ಟ. ಹೇಟೆ ಹತ್ತಿರವಿದ್ದಾಗ ಗಿಡುಗ ಕಂಡ ಹುಂಜ ಎಚ್ಚರಿಕೆ ಕೊಡುತ್ತದೆ, ಒಂಟಿಯಾಗಿದ್ದರೆ ಬಹಳ ಸಲ ಸುಮ್ಮನಿದ್ದುಬಿಡುತ್ತದೆ.

ಮೊಟ್ಟೆಗೆ ಹುಂಜ ಬೇಡ ಎಂದು ಎಲ್ಲ ಹುಂಜಗಳನ್ನೂ ಹಬ್ಬಕ್ಕೆ ಕೊಯ್ದುಬಿಡುವ ಮನೆಗಳು ಈ ಕಾವಲನ್ನು ಕಳೆದುಕೊಳ್ಳುತ್ತವೆ. ಎಚ್ಚರಿಕೆಯುಳ್ಳ ಒಂದು ಹುಂಜವನ್ನಾದರೂ ಉಳಿಸಿಕೊಳ್ಳಬೇಕು. ಆದರೆ ಕೂಗು ಕೇಳಿ ಓಡಲು ಒಂದು ಮರೆ ಬೇಕಲ್ಲ. ಈಚೆಗೆ ಹಿತ್ತಲುಗಳು ಬೋಳಾಗುತ್ತಿವೆ, ಬೇಲಿ ಹೋಗಿ ಕಾಂಪೌಂಡು ಬಂದಿದೆ, ನೆಲಕ್ಕೆ ಸಿಮೆಂಟು ಬಿದ್ದಿದೆ. ಅಂಥ ಅಂಗಳದ ನಡುವೆ ಪಿಳ್ಳೆಗಳನ್ನು ಬಿಟ್ಟರೆ ಹದ್ದಿಗೆ ಬಡಿಸಿಟ್ಟಂತೆ. ದಾಸವಾಳದ ಸಾಲು, ಮಲ್ಲಿಗೆಯ ಪೊದೆ, ತಗ್ಗಾದ ಒಂದು ಚಪ್ಪರ, ಓರೆಯಾಗಿ ಒರಗಿಸಿದ ಹಳೆಯ ಬಾಗಿಲು, ಏನಾದರೂ ಸರಿ, ನಾಲ್ಕು ಮಾರಿಗೊಂದು ಮರೆ ಇರಲಿ. ಹಳೆಯ ಕ್ಯಾಸೆಟ್ಟಿನ ಟೇಪು, ಸಿಡಿ ತಟ್ಟೆ ಕಟ್ಟುವುದರಿಂದ ಕೆಲವು ದಿನ ಉಪಯೋಗವಾಗುತ್ತದೆ. ಕಾಗೆ ಬಹಳ ಬೇಗ ಕಲಿತುಕೊಳ್ಳುತ್ತದೆ, ಆದ್ದರಿಂದ ಜಾಗ ಬದಲಿಸುತ್ತಿರಬೇಕು. ಮೊದಲ ಮೂರು ವಾರ ತಾಯಿಕೋಳಿಯನ್ನು ಬಿದಿರಿನ ಮಂಕರಿಯ ಅಡಿ ಕೂಡಿಹಾಕಿ, ಸಂದಿನಿಂದ ಮರಿಗಳು ಮಾತ್ರ ಹೊರಗೆ ಬಂದು ಒಳಗೆ ಓಡುವಂತೆ ಮಾಡುವ ಹಳೆಯ ಪದ್ಧತಿಯನ್ನು ಬಿಡಬಾರದಿತ್ತು.

ತಳಿಯ ಮಾತೂ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕರ್ನಾಟಕದ ಹಿತ್ತಲುಗಳಿಗೆ ಒಳ್ಳೆಯ ತೂಕ ತಂದುಕೊಟ್ಟಿತು. ಆದರೆ ಆ ತೂಕವೇ ಅದಕ್ಕೆ ಹಾರಲು ಅಡ್ಡಿ. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಬೆಕ್ಕು ನರಿಗಳಿಂದ ತಪ್ಪಿಸಿಕೊಳ್ಳಲು ಹೆಚ್ಚು ಸಮರ್ಥ. ಅಪ್ಪಟ ನಾಟಿಯ ಚುರುಕುತನಕ್ಕೆ ಎರಡೂ ಸಮವಲ್ಲ. ಜೊತೆಗೆ ಯಂತ್ರದಲ್ಲಿ ಹುಟ್ಟಿದ ಮರಿಗೆ ತಾಯಿಯ ರೆಕ್ಕೆಯಡಿ ಓಡಿದ ಅನುಭವವೇ ಇರುವುದಿಲ್ಲ. ಕಾಡಂಚಿನ ಮನೆಯವರು ಮರಿ ಕೊಳ್ಳುವಾಗ ತೂಕವೊಂದನ್ನೇ ನೋಡಬಾರದು.

ಇಲಿ ಬಂದರೆ ಹಾವು

ಹಾವು ಬರುವುದು ಕೋಳಿಗಾಗಿ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಬರುವುದು ಇಲಿಯ ಜಾಡು ಹಿಡಿದು. ರಾತ್ರಿ ಗೂಡಿನಲ್ಲಿ ಉಳಿದ ನುಚ್ಚು, ರಾಗಿ, ತೌಡು ಇಲಿಯನ್ನು ಕರೆಯುತ್ತದೆ, ಇಲಿ ಕೇರೆಯನ್ನೂ ನಾಗರವನ್ನೂ ಕರೆಯುತ್ತದೆ, ಬಂದ ಹಾವಿಗೆ ಮೊಟ್ಟೆ ಸಿಗುತ್ತದೆ. ಸಂಜೆ ಮೇವಿನ ತಟ್ಟೆ ಎತ್ತಿಟ್ಟು, ಚೀಲದ ಕಾಳನ್ನು ಮುಚ್ಚಳವಿರುವ ಡಬ್ಬಕ್ಕೆ ಹಾಕಿ, ಗೂಡಿಗೆ ಒರಗಿಸಿಟ್ಟ ಸೌದೆ, ತೆಂಗಿನ ಗರಿ, ಒಡೆದ ಹಂಚಿನ ರಾಶಿಯನ್ನು ದೂರ ಸಾಗಿಸಿದರೆ ಹಾವಿನ ಕಾಟ ಬಹಳಷ್ಟು ಇಳಿಯುತ್ತದೆ. ಹಾವು ಬಾರದಿರಲಿ ಎಂದು ನೈಲಾನ್ ಬಲೆಯನ್ನು ನೆಲದ ಮೇಲೆ ಹರಡುವುದು ಕ್ರೂರ. ಅದು ಹಾವನ್ನು ತಡೆಯುವುದಿಲ್ಲ, ಸಿಕ್ಕಿಸಿಕೊಂಡು ದಿನಗಟ್ಟಲೆ ನರಳಿಸಿ ಸಾಯಿಸುತ್ತದೆ.

ವಿಷದ ಬಗ್ಗೆ ನಾನು ಮೆದುವಾಗಿ ಮಾತಾಡಲಾರೆ. ಕಾರ್ಬೋಫ್ಯುರಾನಿನಂಥ ಕೀಟನಾಶಕವನ್ನು ಅರೆತಿಂದ ಕೋಳಿಗೆ ಸವರಿ ಬೇಲಿಬದಿ ಇಡುವುದು ಇನ್ನೂ ನಿಂತಿಲ್ಲ. ಅದನ್ನು ಪುನುಗು ತಿನ್ನುತ್ತದೆಂಬ ಖಾತ್ರಿ ಏನು? ಕಾಗೆ ತಿನ್ನಬಹುದು, ಪಕ್ಕದ ಮನೆಯ ನಾಯಿ ತಿನ್ನಬಹುದು, ಸತ್ತ ನಾಯಿಯನ್ನು ಹದ್ದು ತಿನ್ನಬಹುದು, ವಿಷ ತಾಗಿದ ಕೈಯನ್ನು ಮಗು ಬಾಯಿಗಿಡಬಹುದು. ತಂತಿಯ ಉರುಳೂ ಹಾಗೆಯೇ, ಬೆಕ್ಕಿಗೆ ಒಡ್ಡಿದ್ದರಲ್ಲಿ ಚಿರತೆಯ ಮರಿ ಸಿಗುತ್ತದೆ. ಗೂಡಿನ ಸುತ್ತ ಮನೆಯ ಕರೆಂಟು ಹರಿಸಿದರೆ ಮೊದಲು ಸಾಯುವವರು ಮನೆಯವರೇ ಆಗಬಹುದು. ಮುಂಗುಸಿ, ನರಿ, ಕಾಡುಬೆಕ್ಕು, ಪುನುಗು, ಉಡ, ನಾಗರ, ಹೆಬ್ಬಾವು ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕೊಂದರೆ ಜೈಲು ಶಿಕ್ಷೆ ಇದೆ. ಕಾನೂನು ಇಲ್ಲದಿದ್ದರೂ ನಾನು ಬೇಡವೆನ್ನುತ್ತಿದ್ದೆ. ಮುಂಗುಸಿಯನ್ನು ಕೊಂದ ಹಿತ್ತಲಿನಲ್ಲಿ ಇಲಿಗೂ ಹಾವಿಗೂ ಒಬ್ಬ ಹಗೆ ಕಡಿಮೆಯಾಗುತ್ತಾನೆ. ಒಂದು ಪುನುಗನ್ನು ಹಿಡಿದು ದೂರ ಬಿಟ್ಟರೂ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ, ಕಿಂಡಿ ಹಾಗೇ ಇರುತ್ತದೆ.

ಹಳ್ಳಿಗಳಲ್ಲಿ ಕಾಡುಪ್ರಾಣಿಗಿಂತ ಊರನಾಯಿಯೇ ಹೆಚ್ಚು ಕೋಳಿ ಹಿಡಿಯುವ ಜಾಗಗಳು ಬೇಕಾದಷ್ಟಿವೆ. ಕೋಳಿ ಅಂಗಡಿಯ ಕರುಳು, ತಲೆ, ಗರಿಯನ್ನು ಊರ ಹೊರಗೆ ರಸ್ತೆಬದಿ ಸುರಿಯುವುದು ನಿಲ್ಲದೆ ಈ ಕಾಟ ನಿಲ್ಲುವುದಿಲ್ಲ. ಕೋಳಿಯ ರುಚಿ ಹತ್ತಿದ ಗುಂಪು ಮುಂದೆ ಹಿತ್ತಲಿಗೆ ಬರುತ್ತದೆ, ನಾಯಿಯನ್ನು ಹುಡುಕಿಕೊಂಡು ಅದರ ಹಿಂದೆ ಚಿರತೆ ಬರುತ್ತದೆ. ಪಂಚಾಯಿತಿ ಸಭೆಯಲ್ಲಿ ಎತ್ತಬೇಕಾದ ಮಾತು ಇದು. ಇನ್ನು ಕೊಕ್ಕರೆ ರೋಗ ತಗುಲಿ ಮಂಕಾಗಿ ಕೂತ ಕೋಳಿ ಯಾವ ಪ್ರಾಣಿಗಾದರೂ ಸಲೀಸು ತುತ್ತು. ಕಾಲಕ್ಕೆ ಸರಿಯಾಗಿ ಲಸಿಕೆ ಹಾಕಿಸುವುದೂ ಕಾವಲಿನ ಒಂದು ಭಾಗವೇ.

ಇಷ್ಟೆಲ್ಲ ಮಾಡಿಯೂ ಒಂದು ರಾತ್ರಿ ಕೋಳಿ ಹೋಗಬಹುದು. ಹೋದರೆ ಮರುದಿನದ ಸಂಜೆ ಬಹಳ ಮುಖ್ಯ, ಯಾಕೆಂದರೆ ಒಮ್ಮೆ ದಾರಿ ಕಂಡ ಪ್ರಾಣಿ ಮತ್ತೆ ಅದೇ ದಾರಿಯಲ್ಲಿ ಬರುವ ಸಂಭವ ಹೆಚ್ಚು. ಉಳಿದ ಕೋಳಿಗಳನ್ನು ಅವತ್ತು ಮನೆಯೊಳಗೆ ಮಂಕರಿಯ ಅಡಿ ಮುಚ್ಚಿಡಿ. ಸತ್ತವನ್ನು ಆಳವಾಗಿ ಹೂಳಿ. ಖಾಲಿ ಗೂಡಿನ 

ಸುತ್ತ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳುವಾಗಿ ಹರಡಿ. ಬೆಳಿಗ್ಗೆ ನೋಡಿದರೆ ಬೂದಿಯಲ್ಲಿ ಹೆಜ್ಜೆ ಇರುತ್ತದೆ. ನಾಲ್ಕು ಬೆರಳು, ದುಂಡಗೆ, ಉಗುರಿನ ಗುರುತಿಲ್ಲದಿದ್ದರೆ ಬೆಕ್ಕಿನ ಜಾತಿ. ನಾಲ್ಕು ಬೆರಳಿನ ಮುಂದೆ ಉಗುರಿನ ಚುಕ್ಕೆಗಳಿದ್ದರೆ ನಾಯಿ ಅಥವಾ ನರಿ. ಐದು ಬೆರಳು ಕಂಡರೆ ಪುನುಗೋ ಮರಬೆಕ್ಕೋ. ಹೆಜ್ಜೆಯೇ ಇಲ್ಲದ ಒಂದು ಎಳೆದ ಗೆರೆ ಇದ್ದರೆ ಹಾವು. ಬಂದ ದಿಕ್ಕನ್ನು ಹಿಡಿದು ಗೂಡಿನ ಗೋಡೆಯವರೆಗೆ ಹೋಗಿ, ಅಲ್ಲಿ ಬೆರಳಾಡುವಷ್ಟು ಸಂದು, ಸಡಿಲವಾದ ದಬ್ಬೆ, ತಂತಿಗೆ ಸಿಕ್ಕ ಎರಡು ಕೂದಲು ಸಿಗುತ್ತವೆ. ಸುತ್ತಿಗೆ, ಮೊಳೆ, ಒಂದು ತುಂಡು ಜಾಲರಿ ತೆಗೆದುಕೊಂಡು ಕತ್ತಲಾಗುವುದರೊಳಗೆ ಅದನ್ನು ಮುಚ್ಚಿ, ಆಮೇಲೆ ಕೋಳಿಗಳನ್ನು ಒಳಗೆ ಬಿಡಿ.